ಪ್ಲೇಟಿನ ಮೇಲೆ ಬೆರಳು

ವರ್ಡೆಲ್‌ಳ ತಾಯಿ ಕೊನೆಕೊನೆಗೆ ಹಜಾರದ ಕನ್ನಡಿಯೊಳಗಿನ ಹೆಂಗಸಿಗೆ ಕುರ್ಚಿ ಎಳೆದು ಕೊಡುತ್ತಿದ್ದಳು. "ಒಳ್ಳೇ ಹೆಂಗಸು ಕಣೇ, ಪಾಪ, ಆಗಿನಿಂದ ನಿಂತೇ ಇದಾಳೆ. ಯಾರವಳು?" ಅಂತ ಮಗಳನ್ನು ಕೇಳುವಳು. ಒಂದು ದಿನ ತಟ್ಟೆಯಲ್ಲಿ ಜೋಳದ ರೊಟ್ಟಿ ಹಾಕಿಕೊಂಡು ಬಂದು ಕನ್ನಡಿಗೆ ಒಡ್ಡಿದಳು. ತಾಯಿ ತೀರಿಕೊಂಡ ಮೇಲೆ ವರ್ಡೆಲ್ ಆ ಕನ್ನಡಿಯನ್ನು ಯಾರಿಗೋ ಕೊಟ್ಟುಬಿಟ್ಟಳು. ಕನ್ನಡಿ ಹೋಯಿತು, ಹೆದರಿಕೆ ಮನೆಯಲ್ಲೇ ಉಳಿಯಿತು.

ಸ್ಯಾಗಿನಾ ಊರಿನ ಪೂರ್ವದ ಕಡೆ ವರ್ಡೆಲ್‌ಳ ಕೈಯಡುಗೆ ಉಣ್ಣದ ಮಕ್ಕಳಿಲ್ಲ. ವಯಸ್ಸಿರುವಷ್ಟು ದಿನ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಗಂಡ ಲೂಥರ್ ಹೋದ ಮೇಲೂ ಚರ್ಚಿನಲ್ಲಿ ಬಿಳಿ ಕೈಗವಸು ಹಾಕಿಕೊಂಡು, ಬಂದವರನ್ನು ಕೂರಿಸುವ ಕೆಲಸ ಬಿಟ್ಟಿರಲಿಲ್ಲ. ಹೊರಗೆ ನೋಡಿದವರಿಗೆ ಗಟ್ಟಿ ಹೆಂಗಸು. ಒಳಗೆ ಮಾತ್ರ ದಿನಾ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚೆ ಚರ್ಚಿಗೆ ಬಂದು ಹೋದ ಪಾದ್ರಿಗಳ ಹೆಸರನ್ನೆಲ್ಲ ಸಾಲಾಗಿ ಹೇಳಿಕೊಳ್ಳುವಳು. ಒಂದು ತಪ್ಪಿದರೆ ಎದೆ ಧಸಕ್ಕೆನ್ನುವುದು.

ಒಂದು ಚಳಿಗಾಲದಲ್ಲಿ ಒಲೆ ಮೇಲೆ ಸೊಪ್ಪು ಇಟ್ಟು ಮರೆತಳು. ಹೊಗೆ ಹಾಕಿ ಒಣಗಿಸಿದ ಕೋಳಿ ಕತ್ತಿನ ಸಮೇತ ಪಾತ್ರೆ ಕರಕಲಾಗಿ, ಮಗಳು ರೆನೀಟ ಬಂದಾಗ ಮನೆತುಂಬ ಹೊಗೆ. ರೆನೀಟ ಎಂಥ ಬಾಯಿಯವಳು ಅಂತ ಬೀದಿಗೆಲ್ಲ ಗೊತ್ತು. ಅವತ್ತು ಬಯ್ಯಲಿಲ್ಲ. ಕಿಟಕಿ ತೆಗೆದಳು, ಪಾತ್ರೆ ನೆನೆಹಾಕಿದಳು, ಅಮ್ಮನ ಕೈ ಹಿಡಿದು ಕೂತಳು. ಬೈದಿದ್ದರೆ ವರ್ಡೆಲ್‌ಗೆ ಜೀವ ಬರುತ್ತಿತ್ತು. ಆ ಮೌನಕ್ಕೇ ಅವಳು ನಡುಗಿಹೋದಳು. ಮರುದಿನ ರೆನೀಟ, ನೆನಪಿನ ಡಾಕ್ಟರ ಹತ್ತಿರ ಗುರುವಾರ ಮಧ್ಯಾಹ್ನ ಹೊತ್ತು ಕೊಟ್ಟಿದ್ದಾರೆ, ಸುಮ್ಮನೆ ತೋರಿಸಿಕೊಂಡು ಬರೋಣ ಅಂದಳು.

ಅದೇ ಗುರುವಾರ ಬೆಳಿಗ್ಗೆ ಅರ್ವಿನ್ ಬೂಕರ್ ಬರುವವನಿದ್ದ. ಟೊಲೀಡೊದಲ್ಲಿ ಬಸ್ಸು ಓಡಿಸುವವನು, ಹಳೇ ಸೋಲ್ ಸಂಗೀತದ ಗ್ರಾಮಫೋನ್ ಪ್ಲೇಟು ಕೂಡಿಡುವ ಹುಚ್ಚಿನವನು. ಯಾರೋ ಸತ್ತವರ ನೆಲಮಾಳಿಗೆಯ ಪೆಟ್ಟಿಗೆಯಲ್ಲಿ ಅವನಿಗೊಂದು ಪ್ಲೇಟು ಸಿಕ್ಕಿತ್ತು: "ನಿನ್ನ ಟೋಪಿ ಇನ್ನೂ ನನ್ನ ಗೂಟದಲ್ಲೇ ಇದೆ", ಹಾಡಿದವಳು ವರ್ಡೆಲ್ ಗ್ರೀರ್. ಯಾರೀ ಹುಡುಗಿ ಅಂತ ಕಂಡ ಕಂಡ ಗ್ರೀರ್‌ಗಳಿಗೆಲ್ಲ ಫೋನು ಮಾಡಿ ಬೈಸಿಕೊಂಡ. ಕೊನೆಗೆ ಲೂಥರ್‌ನ ಮಣ್ಣಿನ ದಿನ ಚರ್ಚಿನಲ್ಲಿ ಹಂಚಿದ ಹಾಳೆಯಲ್ಲಿ ಹೆಂಡತಿಯ ತವರಿನ ಹೆಸರು ಕಂಡು ಇವಳನ್ನು ಹಿಡಿದ.

ಬಾ ಅಂತ ವರ್ಡೆಲ್ ಹೇಳಿದ್ದಕ್ಕೆ ಕಾರಣವಿತ್ತು. ಆ ಹಾಡು ಹಾಡಿದ ದಿನ ಅವಳ ತಲೆಯಲ್ಲಿ ನಿನ್ನೆ ನಡೆದ ಹಾಗಿತ್ತು. ಅದು ಸರಿಯಿದ್ದರೆ ತಲೆ ಸರಿಯಿದೆ ಅಂತ ತನ್ನೊಳಗೇ ತೀರ್ಮಾನ ಮಾಡಿಕೊಂಡಿದ್ದಳು. ಡಾಕ್ಟರಿಗಿಂತ ಮುಂಚೆ ತನ್ನ ಪರೀಕ್ಷೆ ತಾನೇ ಮಾಡಿಕೊಳ್ಳುವ ಆಸೆ.

ಬೂಕರ್ ದಪ್ಪಗೆ, ಮೆತ್ತಗೆ ಮಾತಾಡುವ ಮನುಷ್ಯ. ಪ್ಲೇಟನ್ನು ಎದೆಗವಚಿಕೊಂಡು, ಇನ್ನೊಂದು ಕೈಯಲ್ಲಿ ಪುಟ್ಟ ಪೆಟ್ಟಿಗೆಯಂಥ ಪ್ಲೇಯರ್ ಹಿಡಿದು ಬಂದ. ವರ್ಡೆಲ್ ಅವನಿಗೆ ಗೆಣಸಿನ ಕಡುಬು ಕೊಟ್ಟು ಹೇಳತೊಡಗಿದಳು. ಹಾಲಿಸ್ ಅನ್ನುವವನ ಕ್ಷೌರದಂಗಡಿ, ಹಾಡನ್ನು ಟೇಪಿಗೆ ತುಂಬಿಸಿಕೊಂಡ ಅದರ ಹಿಂದಿನ ಕೋಣೆ, ಸದ್ದು ತಡೆಯಲು ಗೋಡೆಗೆ ಮೊಳೆ ಹೊಡೆದ ಕಂಬಳಿ, ತಲೆಯೆಣ್ಣೆಯ ವಾಸನೆ. ಡ್ರಮ್ಮಿನವನು ಎಡಚ. ನಿನ್ನ ದನಿ ಗಂಡಸಿನ ಥರ ಭಾರ, ಜನಕ್ಕೆ ಎಳೇ ಹುಡುಗಿ ಬೇಕು ಅಂತ ಹಾಲಿಸ್ ಗೊಣಗುತ್ತಲೇ ಇದ್ದ. ಹಾಡು ತುಂಬಿಸಿದ ಚಳಿಗಾಲದಲ್ಲೇ ಅವನು ಸತ್ತ. ಪ್ಲೇಟು ಆಗಲೇ ಇಲ್ಲ ಅಂತ ಅವಳು ತಿಳಿದಿದ್ದಳು. ಒಂದೊಂದಕ್ಕೂ ಬೂಕರ್ ತಲೆಯಾಡಿಸಿದ. ಹಾಲಿಸ್‌ನ ಅಳಿಯನೂ ಇದನ್ನೇ ಹೇಳಿದ ಅಂದ. ವರ್ಡೆಲ್‌ಳ ಉಸಿರು ಹಗುರಾಯಿತು.

ಆಮೇಲೆ ಅವನು ಪ್ಲೇಟು ಹಾಕಿದ.

ಚುರುಕಾಗಿ ಡ್ರಮ್ಮು ಎದ್ದಿತು. ಒಬ್ಬಳು ಹುಡುಗಿ ಹಾಡಿದಳು. ಸಣ್ಣ ಕಂಠ, ಚುಟುಕು ಮಾತು, ಲಂಗದ ಹುಡುಗಿ ಮೆಟ್ಟಿಲು ಹಾರಿಳಿದ ಹಾಗೆ. ಮಾತುಗಳೆಲ್ಲ ವರ್ಡೆಲ್‌ಗೆ ಗೊತ್ತು. ದನಿ ಗೊತ್ತಿಲ್ಲ. ಬೂಕರ್ ಕಣ್ಣು ತುಂಬಿಕೊಂಡು ಅವಳನ್ನೇ ನೋಡುತ್ತಿದ್ದ. ಏನಾದರೂ ಅನ್ನಬೇಕಲ್ಲ.

"ಒಳ್ಳೇ ಹುಡುಗಿ," ಅಂದಳು. "ಯಾರವಳು?"

ಅಂದ ಮೇಲೆ ತನ್ನ ಮಾತು ತನ್ನ ಕಿವಿಗೇ ಬಿತ್ತು. ಬೂಕರ್‌ನ ಮುಖದಲ್ಲಿದ್ದ ನಗು ಹಾಗೇ ನಿಂತು, ನಿಧಾನಕ್ಕೆ ಇಳಿಯಿತು. ಅವನ ಕಣ್ಣಲ್ಲಿ ಅವಳು ಕಂಡದ್ದು, ಹಿಂದೆ ತಾಯಿಯನ್ನು ನೋಡುವಾಗ ತನ್ನ ಕಣ್ಣಲ್ಲಿದ್ದದ್ದೇ. ಕ್ಷೌರದಂಗಡಿ, ಕಂಬಳಿ, ಎಡಚ ಎಲ್ಲ ತಾನೇ ಕಟ್ಟಿಕೊಂಡ ಕಥೆಯೋ ಏನೋ. ಅಳಿಯ ಹೇಳಿದ ಅಂತ ಇವನು ಕರುಣೆಗೆ ಅಂದಿರಬಹುದು. ಇನ್ನು ಗಳಿಗೆಯಲ್ಲಿ ರೆನೀಟ ಬರುತ್ತಾಳೆ, ಇವನು ಬಾಗಿಲ ಹತ್ತಿರ ಅವಳನ್ನು ಪಕ್ಕಕ್ಕೆ ಕರೆದು ಪಿಸುಗುಡುತ್ತಾನೆ.

ಎರಡನೇ ಚರಣ ಮುಗಿಯುವಾಗ ಹಾಡಿನ ಹಿಂದೆ ಎಲ್ಲೋ ಕುಂಯ್ ಅಂತ ಒಂದು ಕೀರಲು ಎದ್ದಿತು. ಬೂಕರ್ ಮಾತು ತೇಲಿಸುವವನ ಹಾಗೆ, ಇದೊಂದು ಸದ್ದಿಗೆ ಪ್ಲೇಟು ಕೂಡಿಡುವವರು ಹೊಡೆದಾಡುತ್ತಾರೆ, ಕೊಳಲು ಅಂತ ಕೆಲವರು, ಚಹಾದ ಕೆಟಲ್ಲು ಅಂತ ಕೆಲವರು ಅಂದ.

ವರ್ಡೆಲ್ ತಲೆಯೆತ್ತಿದಳು. ಕೊಳಲು ಊದುವವನು ಆ ಕೋಣೆಯಲ್ಲಿ ಇರಲಿಲ್ಲ. ಎರಡನೇ ಚರಣದ ಕೊನೆಗೆ ಎರಕದ ಕಾರ್ಖಾನೆಯ ಪಾಳಿಯ ಸೈರನ್ನು ಕೂಗಿತ್ತು. ಟೇಪು ದುಬಾರಿ, ಇರಲಿ ಬಿಡು ಅಂದಿದ್ದ ಹಾಲಿಸ್. ಆದರೆ ಆ ಸೈರನ್ನು ಕೀರಲಿದ್ದಲ್ಲ. ಎದೆಗೂಡಿನಲ್ಲಿ ಗುಂಯ್ ಅನ್ನುತ್ತಿತ್ತು. ಅದರ ಕೂಗಿಗೇ ಅವಳ ಅಪ್ಪ ಹೊಗೆ ಮೈಯಲ್ಲಿ ಮನೆಗೆ ಬರುತ್ತಿದ್ದ.

ಸೈರನ್ನಿನ ದನಿಯೂ ಸಣ್ಣದಾಗಿದೆ ಅಂದ ಮೇಲೆ.

"ಮೊದಲಿಂದ ಹಾಕು," ಅಂದಳು. ಅವನು ಹಾಕಿದ. ಅವಳು ಬಗ್ಗಿ, ಚಿಕ್ಕಂದಿನಲ್ಲಿ ಅಣ್ಣನ ಜೊತೆ ಸೇರಿ ಪಾದ್ರಿಯ ಉಪದೇಶದ ಪ್ಲೇಟನ್ನು ಬೆರಳಿಂದ ತಡೆದು ಗೂಳಿಯ ಥರ ಗುಟುರು ಹಾಕಿಸುತ್ತಿದ್ದ ಹಾಗೆ, ತಿರುಗುವ ಪ್ಲೇಟಿನ ಅಂಚಿಗೆ ತೋರುಬೆರಳು ತಾಗಿಸಿದಳು.

ಬೂಕರ್ ಕುರ್ಚಿಯಿಂದ ಅರ್ಧ ಎದ್ದ. "ಕೈ ತೆಗೀರಮ್ಮ, ದಮ್ಮಯ್ಯ. ಇಂಥದು ಪ್ರಪಂಚದಲ್ಲಿ ಎರಡೇ ಇರೋದು."

"ನನ್ನಂಥವಳು ಒಬ್ಬಳೇ ಇರೋದು. ಸುಮ್ನೆ ಕೂತ್ಕೋ ಮಗಾ."

ಬೆರಳು ನಡುಗಿ ಹಾಡು ತೂರಾಡಿತು. ಗಟ್ಟಿ ಒತ್ತಿದರೆ ನರಳಿತು, ಬಿಟ್ಟರೆ ಮತ್ತೆ ಹುಡುಗಿಯಾಯಿತು. ಕೊನೆಗೆ ಎಲ್ಲೋ ಒಂದು ಕಡೆ ಬೆರಳು ಹದವಾಗಿ ಕೂತಿತು. ದನಿ ಇಳಿಯಿತು, ಅಗಲವಾಯಿತು. ಮಾತಿನ ನಡುವೆ ಉಸಿರೆಳೆದುಕೊಳ್ಳಲು ಜಾಗ ಬಂತು. ಹಿಂದೆ ಸೈರನ್ನು ಗುಂಯ್ ಅಂದಿತು. ಹಾಲಿಸ್ ಅವಳನ್ನು ಎಳೇ ಹುಡುಗಿ ಮಾಡಲು ಟೇಪನ್ನೇ ಜೋರಾಗಿ ಓಡಿಸಿ ಪ್ಲೇಟು ಮಾಡಿಸಿಬಿಟ್ಟಿದ್ದ.

ಇದು ನಾನೇ ಅಂತ ಅವಳಿಗೆ ಅನ್ನಿಸಿತು. ಆದರೆ ಬಾಯಿ ಬಿಡಲು ಹೆದರಿದಳು. ಬೇಕು ಅಂದುಕೊಂಡರೆ ಮನಸ್ಸು ಏನನ್ನು ಬೇಕಾದರೂ ಕೇಳಿಸುತ್ತದೆ. ತಾಯಿಯೂ ಎಷ್ಟೋ ಕೇಳಿಸಿಕೊಳ್ಳುತ್ತಿದ್ದಳಲ್ಲ.

ಅಷ್ಟರಲ್ಲಿ ಹಿತ್ತಲ ಬಾಗಿಲು ತೆರೆದ ಸದ್ದು, ರೆನೀಟ ಬೂಟಿನ ಹಿಮ ಕೊಡವುವ ಸದ್ದು. ಅಡುಗೆಮನೆಯಿಂದಲೇ ಮಾತು ಬಂತು.

"ಅಮ್ಮಾ, ಹೊತ್ತಾಯ್ತು, ಕೋಟು ಹಾಕ್ಕೋ ಅಂದ್ರೆ ಹಾಡ್ತಾ ಕೂತಿದೀಯಲ್ಲ. ಯಾವ ಹಾಡೇ ಅದು?"

ಹಜಾರಕ್ಕೆ ಬಂದ ರೆನೀಟ ನಿಂತುಬಿಟ್ಟಳು. ಅಮ್ಮನ ಬಾಯಿ ಮುಚ್ಚಿತ್ತು, ಹಾಡು ನಡೆದೇ ಇತ್ತು. ಬೂಕರ್ ಎರಡೂ ಕೈಯಿಂದ ಮುಖ ಒರೆಸಿಕೊಂಡ. ವರ್ಡೆಲ್ ಬೆರಳೆತ್ತದೆ ಅಳುತ್ತಿದ್ದಳು.

ಡಾಕ್ಟರ ಹತ್ತಿರ ಹೋಗುವುದು ತಪ್ಪಲಿಲ್ಲ. ಸೊಪ್ಪು ಸುಟ್ಟದ್ದು ಸುಟ್ಟದ್ದೇ. ಕೋಟಿನ ಗುಂಡಿ ರೆನೀಟ ಹಾಕಿಕೊಟ್ಟಳು. ಹೊಸಿಲಲ್ಲಿ ವರ್ಡೆಲ್ ಬೂಕರ್ ಕಡೆ ತಿರುಗಿದಳು. ಮಗಳ ಎದುರಿಗೆ ಅವಳು ತನ್ನ ಮರೆವಿನ ಮಾತು ಆಡಿದ್ದು ಅದೇ ಮೊದಲು.

"ಒಂದು ಉಪಕಾರ ಮಾಡು ಮಗಾ. ಈ ಹಾಡನ್ನ ನಿಧಾನ ಮಾಡಿ ಒಂದು ಟೇಪಿಗೆ ತುಂಬಿಸಿ ಇವಳ ಕೈಲಿ ಕೊಟ್ಟಿರು. ಮುಂದೆ ಒಂದು ದಿನ ನಾನು ಯಾರು ಅಂತ ಕೇಳಿದರೆ ಅದನ್ನ ಹಾಕಲಿ. ಆ ಓಡೋ ಹುಡುಗಿ ಬೇಡ. ಅವಳು ನನಗೆ ಗೊತ್ತಾಗಲ್ಲ."