ಕೂತವರ ಅಳತೆಯ ಮನೆ

ಬಂಗಲೆ ಎಂಬ ಪದವನ್ನು ಬಂಗಾಳದಿಂದ ಹೊತ್ತೊಯ್ದ ಇಂಗ್ಲಿಷರು ದಾರಿಯಲ್ಲಿ ಅದನ್ನು ತುಂಬ ಕುಗ್ಗಿಸಿಬಿಟ್ಟರು. ನಮ್ಮಲ್ಲಿ ಬಂಗಲೆಯೆಂದರೆ ಪೋರ್ಟಿಕೋ, ಜವಾನ, ಬೊಗಳುವ ನಾಯಿ. ಬರ್ಮಿಂಗ್‌ಹ್ಯಾಮಿನಲ್ಲಿ ಮಹಡಿಯಿಲ್ಲದ ಮನೆ, ಅಷ್ಟೆ. ಹೊಸ ಶತಮಾನದ ಆರಂಭದಲ್ಲಿ ಆ ಊರಿನ ಹಾರ್ಬೋರ್ನ್‌ನಲ್ಲಿ ನಾವೊಂದನ್ನು ಕೊಂಡಾಗ ಮೈಸೂರಿನ ನನ್ನತ್ತೆ ಬೀದಿಗೆಲ್ಲ ಸಿಹಿ ಹಂಚಿದರು. ಅವರ ಉತ್ಸಾಹವನ್ನು ತಿದ್ದುವಷ್ಟು ಸತ್ಯನಿಷ್ಠೆ ನನ್ನಲ್ಲಿರಲಿಲ್ಲ.

ಮನೆ ಮೊದಲನೇ ಮಹಾಯುದ್ಧಕ್ಕೂ ಹಿಂದಿನದು. ಯಂತ್ರದ ಸಾಮಾನಿಗೆ ಬೇಸತ್ತು ಕೈಕೆಲಸವನ್ನೇ ನೆಚ್ಚಿದವರ ಶೈಲಿ: ಇಳಿಬಿಟ್ಟ ಚಾವಣಿ, ಓಕ್ ತೊಲೆಗಳು, ಗೋಡೆಯೊಳಗೇ ಕೂರಿಸಿದ ಕಪಾಟು, ಕಿಟಕಿಗಂಟಿದ ಜಗಲಿ. ಹುಡುಕಿದರೂ ಮೊಳೆಯ ತಲೆ ಕಾಣದು. ಆದರೆ ಎಲ್ಲವೂ ಗಿಡ್ಡ. ಅಡುಗೆಕಟ್ಟೆ ಕುಳ್ಳಿಯಾದ ನನಗೇ ತೊಡೆಯ ಮಟ್ಟ. ಆರಡಿಯ ನನ್ನ ಗಂಡ ರಮೇಶ್ ಪಾತ್ರೆ ತೊಳೆದರೆ ಯಾವುದೋ ದೇವರಿಗೆ ಅಡ್ಡಬಿದ್ದಂತೆ ಕಾಣುತ್ತಿತ್ತು. ಅವರು ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ಬೆನ್ನಿನ ವಿಷಯದಲ್ಲಿ ಅವರೊಡನೆ ವಾದಿಸುವಂತಿಲ್ಲ. ಎಲ್ಲ ಕಿತ್ತು ಹೊಸ ಕಿಚನ್ ಹಾಕಿಸೋಣವೆಂದು ಬಿಲ್ಡರನ್ನೂ ಗೊತ್ತುಮಾಡಿದರು.

ಕೆಲಸ ಶುರುವಾಗುವ ಹಿಂದಿನ ದಿನ, ಭಾನುವಾರ, ಗೇಟಿನ ಬಳಿ ಒಬ್ಬ ವೃದ್ಧೆ ನಿಂತಿದ್ದರು. ಹೆಸರು ಈಡಿತ್. ಹುಟ್ಟಿದ್ದು ಇದೇ ಮನೆಯಲ್ಲಂತೆ. ಒಮ್ಮೆ ಒಳಗೆ ನೋಡಬಹುದೇ ಎಂದರು. ಚಹಾ ಕೊಟ್ಟೆ. ಕಿಟಕಿಯ ಜಗಲಿಯಲ್ಲಿ ಕೂತು ಅವರು ಮನೆಯ ಕಥೆ ಹೇಳಿದರು. ಕಟ್ಟಿದ್ದು ಅವರಪ್ಪ, ಬಡಗಿ. ಮದುವೆಯಾದ ಮರುವರ್ಷ ಜ್ವರ ಬಂದು ಹೆಂಡತಿಯ ಕಾಲುಗಳ ಸ್ವಾಧೀನ ಹೋಯಿತು. ತವರಿಗೆ ಕಳಿಸಿಬಿಡು ಎಂದರು ಬಂಧುಗಳು. ಆತ ಕಳಿಸಲಿಲ್ಲ. ಆಕೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಕೈ ಎಲ್ಲಿಯವರೆಗೆ ಎಟಕುತ್ತದೆಂದು ಬಾಡಿಗೆಮನೆಯ ಗೋಡೆಗೆ ಸೀಮೆಸುಣ್ಣದ ಗುರುತು ಹಾಕಿಕೊಂಡ. ಆ ಗುರುತಿನ ಪ್ರಕಾರ, ಬಿಡುವಿದ್ದಾಗಲೆಲ್ಲ ದುಡಿದು, ಈ ಮನೆ ಎಬ್ಬಿಸಿದ. ಆ ಕಟ್ಟೆಯ ಮುಂದೆ ಕೂತೇ ಆಕೆ ಯಾರ ನೆರವೂ ಬೇಡದೆ ಮಕ್ಕಳಿಗೆಲ್ಲ ಬೇಯಿಸಿ ಬಡಿಸಿದಳು.

"ಅಮ್ಮನಿಗೆ ಏನಾಗಿದೆ ಅಂತ ನಾವು ಕೇಳಿದರೆ ಅಪ್ಪ ಒಂದೇ ಮಾತು ಹೇಳುತ್ತಿದ್ದ," ಎಂದರು ಈಡಿತ್ ತಮ್ಮ ಇಂಗ್ಲಿಷಿನಲ್ಲಿ. "ಅವಳಿಗೇನೂ ಆಗಿಲ್ಲ, ಬೇರೆಯವರ ಮನೆಗಳ ಅಳತೆ ತಪ್ಪು."

ರಮೇಶ್ ಪಕ್ಕದಲ್ಲೇ ಕೂತು ಕೇಳುತ್ತಿದ್ದರು. ಮುರಿದ ಕಾಲಿನವರನ್ನು ಮೆಟ್ಟಿಲಿಗೆ ಒಗ್ಗಿಸುವುದೇ ಕಸುಬಾದ ಮನುಷ್ಯ, ಎದ್ದುಹೋಗಿ ಆ ಕಟ್ಟೆಯ ಅಂಚನ್ನು ಬಹಳ ಹೊತ್ತು ಸವರುತ್ತ ನಿಂತರು. ಈಡಿತ್ ಹೊರಟ ಮೇಲೆ, "ಬಿಲ್ಡರ್‌ಗೆ ಬೇಡ ಅಂದ್ಬಿಡ್ತೀನಿ ಕಣೇ," ಎಂದರು.

ಕಟ್ಟೆ ಉಳಿಯಿತು, ಬೆನ್ನುನೋವೂ ಉಳಿಯಿತು. ಕೆಲವು ದಿನ ಗೊಣಗಿ, ಕೊನೆಗೊಮ್ಮೆ ಸ್ಟೂಲ್ ಎಳೆದುಕೊಂಡು ಕೂತು ಪಾತ್ರೆಗೆ ಕೈಹಾಕಿದರು. ಹಾಕಿದ ಕೈ ಹಾಗೇ ನಿಂತಿತು, ನನ್ನನ್ನು ಕರೆದರು. ನಿಂತವರಿಗೆ ಕಟ್ಟೆಯ ಮುಂದಿನ ಗಿಡ್ಡ ಕಿಟಕಿಯಲ್ಲಿ ಕಾಣುತ್ತಿದ್ದದ್ದು ಹಿತ್ತಲಿನ ಕಲ್ಲುಹಾಸು ಮಾತ್ರ. ಕೂತರೆ ಚೌಕಟ್ಟಿನ ತುಂಬ ಸೇಬಿನ ಮರ, ಅದರ ಹಿಂದೆ ಆಕಾಶ.

ಈಗ ನಮ್ಮಲ್ಲಿ ಪಾತ್ರೆ ತೊಳೆಯುವುದಕ್ಕೆ ಜಗಳ. ಇಬ್ಬರಿಗೂ ತಾವೇ ತೊಳೆಯಬೇಕು.