ಕೋಡಿಗೆ ಅಪ್ಪ ಇಟ್ಟ ಹಲಗೆ

ಸೀಮೆಎಣ್ಣೆಗೂ ಕಾರ್ಡು ಹಿಡಿದು ಸಾಲು ನಿಲ್ಲಬೇಕಿದ್ದ ದಿನಗಳು ಅವು. ಎಲ್ಲೋ ದೂರದಲ್ಲಿ ಯುದ್ಧ ನಡೆಯುತ್ತಿತ್ತು. ರಾಯಲ್ಪಾಡಿನ ಆಚೆಗಿದ್ದ ನಮ್ಮ ಪುಟ್ಟ ಊರಿಗೆ ಅದು ಬಂದದ್ದು ಬರೀ ಕತ್ತಲೆಯಾಗಿ. ಹೊತ್ತು ಮುಳುಗುವ ಮೊದಲೇ ಮುದ್ದೆ ಉಂಡು ಬುಡ್ಡಿ ಆರಿಸಿಬಿಡುತ್ತಿದ್ದೆವು. ನನಗಾಗ ಒಂಬತ್ತು ವರ್ಷ. ಕತ್ತಲೆ ಎಂದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಹಿತ್ತಲಿಗೆ ಹೋಗಬೇಕಾದರೂ ಅಮ್ಮನ ಸೆರಗು ಬೇಕು.

ನಮ್ಮ ಮನೆ ಊರಿನಿಂದ ಸ್ವಲ್ಪ ದೂರ, ಕೆರೆಯ ಕೋಡಿಯ ಪಕ್ಕದಲ್ಲಿತ್ತು. ಕೆರೆ ತುಂಬಿದರೆ ಹೆಚ್ಚಿನ ನೀರು ಅಲ್ಲಿ ಸಾಲಾಗಿ ನೆಟ್ಟ ಕಲ್ಲುಕಂಬಗಳ ನಡುವಿನ ಏಳು ಕಂಡಿಗಳಿಂದ ಕೆಳಗಿನ ಕಾಲುವೆಗೆ ಧುಮುಕುತ್ತಿತ್ತು. ಅಪ್ಪ ಬಸ್ಸಿನ ಮೆಕ್ಯಾನಿಕ್. ಪೆಟ್ರೋಲು ಸಿಗದೆ ಬಸ್ಸು ನಿಂತುಹೋದಾಗ ಅದರ ಡೈನಮೋ, ಎರಡು ಬಲ್ಬು, ಒಂದಿಷ್ಟು ವೈರು ಹೊತ್ತುಕೊಂಡು ಮನೆಗೆ ಬಂದರು. ಆ ವರ್ಷ ದೀಪಾವಳಿಯ ಮಳೆಗೆ ಕೋಡಿ ಬಿತ್ತು. ಅಪ್ಪ ಹಳೆಯ ಗಾಡಿಚಕ್ರಕ್ಕೆ ಸುತ್ತಲೂ ಮಾವಿನ ಹಲಗೆ ಬಡಿದು, ಕಾಲುವೆಯಲ್ಲಿ ನಡುವಿನ ಕಂಡಿಯ ನೀರು ಬೀಳುವ ಜಾಗಕ್ಕೆ ನಿಲ್ಲಿಸಿದರು. ಗಾಡಿಚಕ್ರದಿಂದ ಸಣ್ಣ ಚಕ್ರಕ್ಕೊಂದು, ಸಣ್ಣದರಿಂದ ಡೈನಮೋಗೊಂದು ಚರ್ಮದ ಪಟ್ಟಿ. ಒದ್ದೆ ಚರ್ಮ ಬಿಸಿಯಾದ ವಾಸನೆ, ಹರಳೆಣ್ಣೆಯ ವಾಸನೆ ಎರಡೂ ಸೇರಿ ಮೂಗಿಗೆ ಹೊಡೆಯುತ್ತಿತ್ತು.

ನನಗೆ ಆ ಚಕ್ರವೂ ಭಯವೇ. "ಹತ್ರ ಹೋದ್ರೆ ಜಡೆ ಸಮೇತ ಎಳ್ಕೊಂಡ್ಬಿಡ್ತದೆ ಕಣೇ ರತ್ನಿ" ಎಂದು ಅಪ್ಪ ಹೆದರಿಸಿದ್ದರು. ಆದರೆ ಸಂಜೆ ನಮ್ಮ ಜಗಲಿಯ ಮೇಲೆ ಬಲ್ಬು ಹತ್ತಿದಾಗ ಭಯವೆಲ್ಲ ಎಲ್ಲಿಗೋ ಹೋಯಿತು. ತುಂಬು ಬಸುರಿಯಾಗಿದ್ದ ಅಮ್ಮ ಅದಕ್ಕೆ ಕೈಮುಗಿದಳು. ಊರಿನ ನೀರಗಂಟಿ ಮುನಿಶಾಮಿ ತಾತ ಕೋಲು ಊರಿಕೊಂಡು ಬಂದು ಬಾಯಿ ತೆರೆದು ನೋಡಿದರು.

"ನೀಳ್ಳಲ್ಲೋ ನಿಪ್ಪು ಪುಟ್ಟಿಂದೇ!" ಎಂದರು. ನೀರಿನಲ್ಲಿ ಬೆಂಕಿ ಹುಟ್ಟಿತಲ್ಲ ಎಂದು ಅವರ ಬೆರಗು.

ಕೆರೆಯ ನೀರನ್ನು ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂದು ನೋಡುವವರು ತಾತ. ತೂಬು ಎತ್ತುವುದು, ಕಟ್ಟೆ ಕಾಯುವುದು, ಕೋಡಿಯ ಕಸ ತೆಗೆಯುವುದು ಎಲ್ಲ ಅವರದೇ. ಆಮೇಲೆ ಅವರು ಪ್ರತಿ ಸಂಜೆ ನಮ್ಮ ಜಗಲಿಗೆ ಬಂದು ಕೂರತೊಡಗಿದರು. ಅಮ್ಮ ಬೇಯಿಸಿದ ಕಡಲೆಕಾಯಿ ಕೊಡುತ್ತಿದ್ದಳು. ಊರ ಮಕ್ಕಳೆಲ್ಲ ಆ ಬೆಳಕಿನಲ್ಲಿ ಕಲ್ಲಾಟ ಆಡುತ್ತಿದ್ದೆವು. ನಾನಂತೂ ಬಲ್ಬು ನಾನೇ ಹೆತ್ತವಳ ಹಾಗೆ ಮೆರೆಯುತ್ತಿದ್ದೆ.

ಒಂದು ವಾರ ಮಳೆ ನಿಂತಿತು. ಕೋಡಿಯ ನೀರು ತೆಳುವಾಯಿತು, ಬಲ್ಬು ಕೆಂಡದ ಬಣ್ಣಕ್ಕೆ ಇಳಿಯಿತು. ಆಗ ಅಪ್ಪ ಒಂದು ಉಪಾಯ ಮಾಡಿದರು. ಆರು ಕಂಡಿಗಳಿಗೆ ಹಲಗೆ ಇಟ್ಟು, ಜೇಡಿಮಣ್ಣು ಮೆತ್ತಿ, ನೀರೆಲ್ಲ ಚಕ್ರದ ಮೇಲಿನ ಒಂದೇ ಕಂಡಿಯಿಂದ ಬೀಳುವಂತೆ ಮಾಡಿದರು. ಸಂಜೆ ಕತ್ತಲು ಕವಿದ ಮೇಲೆ ಇಡುವುದು, ತಾತ ಬೆಳಗಿನ ಸುತ್ತಿಗೆ ಬರುವ ಮೊದಲು ತೆಗೆಯುವುದು. ಮಣ್ಣಿನ ಬುಟ್ಟಿ ಹಿಡಿಯುವ ಕೆಲಸ ನನ್ನದು.

ಊರಿನ ಅಪ್ಪಣೆಯಿಲ್ಲದೆ ಕೋಡಿಗೆ ಕೈಹಾಕಿದವರ ಮನೆಗೆ ಬಾವಿಯ ನೀರಿಲ್ಲ, ಒಲೆಗೆ ಕೆಂಡವಿಲ್ಲ, ಅವರ ಜೊತೆ ಮಾತೂ ಇಲ್ಲ ಎಂಬ ಕಟ್ಟುಪಾಡು ಮಕ್ಕಳಿಗೂ ಗೊತ್ತಿತ್ತು.

"ಅಪ್ಪಾ, ತಾತಂಗೆ ಹೇಳಿ ಇಡ್ಬೋದಲ್ಲ?"

"ಹೇಳಿದ್ರೆ ಊರೆಲ್ಲಾ ಕೂತ್ಕೊಂಡು ಪಂಚಾಯ್ತಿ ಮಾಡ್ತಾರೆ. ನೀನು ಯಾರತ್ರಾನಾದ್ರೂ ಬಾಯಿ ಬಿಟ್ಟೀಯ, ಚರ್ಮ ಸುಲೀತೀನಿ ನೋಡು." ನಗುತ್ತಲೇ ಹೇಳಿದರು. ಅಪ್ಪನಿಗೆ ಯಾವುದರ ಭಯವೂ ಇಲ್ಲ ಎಂದುಕೊಂಡು ನನಗೆ ಎಷ್ಟು ಹೆಮ್ಮೆ!

ನಾಲ್ಕನೆಯ ಸಂಜೆ ಚರ್ಮದ ಪಟ್ಟಿ ಹರಿಯಿತು. ಮರುದಿನ ಬೆಳಕು ಹರಿಯುವಾಗಲೇ ಅಪ್ಪ ಹೊಸ ಪಟ್ಟಿ ತರಲು ಸೈಕಲ್ ಹತ್ತಿ ಶ್ರೀನಿವಾಸಪುರಕ್ಕೆ ಹೊರಟರು. ಆಕಾಶ ನೋಡಿ, "ಮೋಡಾನೇ ಇಲ್ಲ. ಹಲಗೆ ಇರ್ಲಿ ಬಿಡು, ಸಂಜೆ ಮತ್ತೆ ಇಡೋ ಕೆಲಸ ತಪ್ಪುತ್ತೆ" ಎಂದು ಅದರ ಮೇಲೆ ಜಾಲಿಕೊಂಬೆ ಎಳೆದು ಮುಚ್ಚಿದರು.

ಅವರು ಹೋಗಿ ಗಳಿಗೆಯಾಗಿಲ್ಲ, ಮೂಡಣದಿಂದ ಮೋಡ ಕವಿದು ಮಳೆ ಹಿಡಿಯಿತು. ಅಂಥ ಮಳೆಯನ್ನು ನಾನು ಮತ್ತೆ ಕಂಡಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರ ಕಡೆಯಿಂದ ತಮಟೆ ಕೇಳಿಸಿತು. ಬಿಟ್ಟೂಬಿಡದೆ ತಮಟೆ ಹೊಡೆದರೆ ಕೆರೆಗೆ ಅಪಾಯ ಎಂದರ್ಥ. ಮನೆಗೊಬ್ಬರು ಗುದ್ದಲಿ ಬುಟ್ಟಿ ಹಿಡಿದು ಕಟ್ಟೆಗೆ ಹೋಗಲೇಬೇಕು. ಅಪ್ಪ ಇಲ್ಲ, ಅಮ್ಮ ಏಳಲಾರಳು. ಗೋಣಿಚೀಲ ತಲೆಗೆ ಕೊಪ್ಪೆ ಹಾಕಿಕೊಂಡು ನಮ್ಮ ಮನೆಯ ಆಳಾಗಿ ನಾನು ಹೋದೆ.

ಕಟ್ಟೆಯ ಮೇಲೆ ಊರೇ ನೆರೆದಿತ್ತು. ನೀರು ಕಟ್ಟೆಯ ಅಂಚು ಮುಟ್ಟಲು ಒಂದು ಮೊಳವಷ್ಟೇ ಉಳಿದಿತ್ತು. ಹಿಂಬದಿಯಲ್ಲಿ, ನಟ್ಟನಡುವೆ, ಕೆಸರುನೀರು ಜಿನುಗುತ್ತಿತ್ತು. ತಾತ ಬೆಳಗ್ಗೆಯಿಂದ ಅಲ್ಲೇ ನಿಂತು, ಬರಿಗಾಲಲ್ಲಿ ಮಣ್ಣು ತುಳಿದು ತುಳಿದು ನೋಡುತ್ತಿದ್ದರು.

"ಕಟ್ಟೆ ಮೆತ್ತಗಾಗ್ತಾ ಐತೆ. ಬೇಗ ಹಾಕ್ರೋ ಮಣ್ಣು!"

"ಕೋಡಿ ಹಂಗೆ ಮೊರೀತಾ ಐತೆ, ಆದ್ರೂ ನೀರು ಯಾಕ್ಲಾ ಇಳೀತಿಲ್ಲ?" ಎಂದು ಯಾರೋ ಕೂಗಿದರು.

ಯಾಕೆಂದು ಅಷ್ಟು ಜನರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಕಟ್ಟೆಯ ಕೆಳಗೆ ಸಾಲು ಮನೆಗಳು. ನನ್ನ ಜೊತೆ ಕಲ್ಲಾಡುವವರ ಮನೆಗಳು. ಒಂದರ ಅಂಗಳದಲ್ಲಿ ತೊಟ್ಟಿಲು ಹೊತ್ತುಕೊಂಡು ಹೊರಗೆ ಬರುತ್ತಿದ್ದರು. ಹೇಳಿದರೆ ಅಪ್ಪನನ್ನು ಊರಿನಿಂದ ಹೊರಗೆ ಹಾಕುತ್ತಾರೆ. ಹೇಳದಿದ್ದರೆ? ಜನರ ನಡುವೆ ನುಸುಳಿ ಹೋಗಿ ತಾತನ ಕೈ ಹಿಡಿದೆ.

"ಏಮಿ ತಲ್ಲೀ, ಏನವ್ವಾ? ಮನೇಗೋಗು."

"ತಾತಾ, ಕೋಡಿಗೆ ಹಲಗೆ ಐತೆ. ಆರು ಕಂಡೀಗೂ."

ತಾತ ನನ್ನ ಮುಖವನ್ನೇ ನೋಡಿದರು. ಯಾರು ಇಟ್ಟರು ಎಂದು ಕೇಳಲಿಲ್ಲ. "ನೀವು ಮಣ್ಣು ಹಾಕ್ತಾ ಇರ್ರಿ, ಕೋಡೀಲಿ ಕಸ ಕಟ್ಟಿರಬೇಕು, ನೋಡ್ಕೊಂಡು ಬರ್ತೀನಿ" ಎಂದು ಕೂಗಿ ಹೇಳಿ ನನ್ನನ್ನು ಎಳೆದುಕೊಂಡೇ ಓಡಿದರು.

ಕೋಡಿಯಲ್ಲಿ ಹಗ್ಗದ ಒಂದು ತುದಿಯನ್ನು ಕಲ್ಲುಕಂಬಕ್ಕೆ, ಇನ್ನೊಂದನ್ನು ಸೊಂಟಕ್ಕೆ ಕಟ್ಟಿಕೊಂಡು ನೀರಿಗಿಳಿದರು. ಎದೆಮಟ್ಟ ನೀರು. ಒಂದೊಂದು ಹಲಗೆ ಕಿತ್ತಾಗಲೂ ನೀರು ಅವರನ್ನು ಎಳೆದು ಕಂಬಕ್ಕೆ ಅಪ್ಪಳಿಸುತ್ತಿತ್ತು. ಮೂರನೆಯದಕ್ಕೆ ಮುಳುಗಿಯೇಬಿಟ್ಟರು. ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಬಿಳಿ ತಲೆ ಮೇಲೆ ಬಂತು. ಆರನೆಯ ಹಲಗೆ ಕಿತ್ತಾಗ ಕಾಲುವೆಯಲ್ಲಿ ಮರ ಮುರಿದ ಸದ್ದಾಯಿತು. ಚಕ್ರ, ಡೈನಮೋ, ಹಲಗೆ ಎಲ್ಲ ಒಟ್ಟಿಗೆ ಕೊಚ್ಚಿಕೊಂಡು ಹೋದವು. ಸಂಜೆಯ ಹೊತ್ತಿಗೆ ಕೆರೆಯ ನೀರು ಒಂದು ಗೇಣು ಇಳಿದಿತ್ತು. ಕಟ್ಟೆ ನಿಂತಿತು.

"ನೀನೇನೂ ನೋಡಿಲ್ಲ, ನನಗೇನೂ ಹೇಳಿಲ್ಲ. ನಿಮ್ಮನ್ನ ಊರಾಚೆ ಹಾಕಿದ್ರೆ ಬಸುರಿ ಹೆಂಗಸು ಎಲ್ಲಿಗೋಗ್ತಾಳೆ?" ಎಂದರು ತಾತ, ಹಣೆಯ ರಕ್ತ ಒರೆಸಿಕೊಳ್ಳುತ್ತ.

ಅಪ್ಪ ಬಂದದ್ದು ಮರುದಿನ ಬೆಳಗ್ಗೆ. ಹಳ್ಳ ತುಂಬಿ ಆಚೆ ದಡದಲ್ಲೇ ಸಿಕ್ಕಿಬಿದ್ದಿದ್ದರಂತೆ. ತಮಟೆ ಅಲ್ಲಿಗೂ ಕೇಳಿಸಿತಂತೆ. ಹಲಗೆ, ಹಲಗೆ ಎಂದು ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. ಬಂದವರೇ ನನ್ನನ್ನು ಬಿಗಿಯಾಗಿ ತಬ್ಬಿಕೊಂಡರು.

ಅಂದು ಮಧ್ಯಾಹ್ನ ಊರು ಸೇರಿತು. ಕೋಡಿ ಹೇಗೆ ಕಟ್ಟಿತು ಎಂದು ಪಟೇಲರು ಕೇಳಿದರು. ತಾತ ಎದ್ದು ನಿಂತರು.

"ಬೆಳಗ್ಗೆ ನಾನು ಕೋಡಿ ಕಡೆ ಹೋಗ್ಲಿಲ್ಲ ಸ್ವಾಮಿ. ಜಾಲಿ ಬಂದು ಕಟ್ಕೊಂಡಿತ್ತು. ನನ್ನದೇ ತಪ್ಪು."

ಬೈಗುಳ ಸುರಿಯಿತು. ವಯಸ್ಸಾಯಿತು, ಕಣ್ಣು ಹೋಯಿತು, ಊರನ್ನೇ ಮುಳುಗಿಸುತ್ತಿದ್ದ ಎಂದರು. ಅಜ್ಜನ ಕಾಲದಿಂದ ಬಂದ ನೀರಗಂಟಿ ಕೆಲಸವನ್ನು ಅಲ್ಲೇ ಕಿತ್ತು ಬೇರೆ ಮನೆಯವರಿಗೆ ಕೊಟ್ಟರು. ಅಪ್ಪ ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅಪ್ಪ ತಮ್ಮ ಕಾಲಬೆರಳು ನೋಡುತ್ತ ನಿಂತಿದ್ದರು.

ಆ ಕೆರೆಯಲ್ಲಿ ಈಗ ಜಾಲಿ ಬೆಳೆದಿದೆ. ಕೋಡಿಕಲ್ಲುಗಳನ್ನು ಯಾರೋ ಮನೆಯ ಪಾಯಕ್ಕೆ ಹಾಕಿಕೊಂಡರು. ತಮಟೆ ಹೊಡೆದರೆ ಮನೆಗೊಬ್ಬರು ಓಡಿಬರುವ ಕಾಲವೂ ಹೋಯಿತು. ಇವೆಲ್ಲ ಒಂದೊಂದಾಗಿ, ಗೊತ್ತೇ ಆಗದಂತೆ ಹೋದವು. ಅಪ್ಪನ ಮೇಲಿದ್ದ ಹೆಮ್ಮೆ ಮಾತ್ರ ಆ ಒಂದು ಮಧ್ಯಾಹ್ನದಲ್ಲೇ ಹೋಯಿತು. ಹಾಗೆಂದು ಅವರೊಬ್ಬರನ್ನೇ ದೂರಲಾರೆ. ಹಿಂದಿನ ದಿನ ಅಷ್ಟು ಭಯದಲ್ಲೂ ಬಾಯಿಬಿಟ್ಟಿದ್ದ ನಾನು, ಊರವರು ತಾತನನ್ನು ಹಾಗೆ ಬೈಯುವಾಗ ಅಪ್ಪನ ಪಂಚೆ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.