ಅರಗು ಹಚ್ಚಿದ ಹಂದರ

ನಮ್ಮ ಓನರಮ್ಮನ ಜೊತೆ ವಾದ ಮಾಡಿ ಗೆದ್ದವರಿಲ್ಲ ಎಂದು ಬೀದಿಯವರು ಹೇಳುತ್ತಾರೆ. ಸುಳ್ಳು. ನಾನು ಗೆದ್ದಿದ್ದೇನೆ, ಒಂದಲ್ಲ, ನಾಲ್ಕೈದು ಸಲ. ಪ್ರತಿ ಸಲವೂ ಅವರು ಧಾರಾಳವಾಗಿ ಸೋಲೊಪ್ಪಿಕೊಂಡು, ಆಮೇಲೆ ತಾವು ಮೊದಲು ಹೇಳಿದ್ದನ್ನೇ ಮಾಡಿದ್ದಾರೆ.

ಕಾಲೇಜಿನಲ್ಲಿ ನನಗೆ ಇಂಥ ಎದುರಾಳಿ ಸಿಕ್ಕಿರಲಿಲ್ಲ. ರಾಮನಗರ, ಕನಕಪುರ, ಮಾಗಡಿ, ಎಲ್ಲಿ ಚರ್ಚಾಸ್ಪರ್ಧೆ ನಡೆದರೂ ಬಸ್ಸು ಹತ್ತಿ ಹೋಗಿ, ಪರ ಎಂದರೆ ಪರ, ವಿರೋಧ ಎಂದರೆ ವಿರೋಧ ಮಾತಾಡಿ ಕಪ್ ತಂದವಳು ನಾನು. ಯಾರೇ ಏನೇ ಹೇಳಲಿ, ಅದಕ್ಕೆ ಆಧಾರವೇನು ಎಂದು ಕೇಳುವುದು ಚಾಳಿಯಾಗಿಬಿಟ್ಟಿದೆ. ಕುಕ್ಕರ್ ಮೂರು ಸಲ ಕೂಗಿತು ಎಂದು ಅವ್ವ ಹೇಳಿದರೂ, ಎಣಿಸಿದವರು ಯಾರು ಎನ್ನುತ್ತೇನೆ. ಮನೆಯಲ್ಲಿ ನನ್ನ ಜೊತೆ ಊಟಕ್ಕೆ ಕೂರುವುದು ಅಷ್ಟು ಸುಲಭವಲ್ಲ.

ಚನ್ನಪಟ್ಟಣದಲ್ಲಿ ನಾನೂ ಅವ್ವನೂ ಓನರಮ್ಮನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ಅವರು ಕೆಳಗೆ. ಮಹಡಿಗೆ ಹೊರಗಿನಿಂದ ಮೆಟ್ಟಿಲು. ಮೆಟ್ಟಿಲು ತಿರುಗುವ ಕಡೆ ಅವ್ವನ ಒಂದು ಸಿಮೆಂಟಿನ ಕುಂಡ, ಅದರಲ್ಲಿ ಬಿಳಿ ಶಂಖಪುಷ್ಪದ ಬಳ್ಳಿ. ಪಕ್ಕದಲ್ಲೇ ತುಕ್ಕು ಹಿಡಿದ ಹಳೇ ನೀರಿನ ಪೈಪು ಇತ್ತು. ಬಳ್ಳಿ ಯಾರನ್ನೂ ಕೇಳದೆ ಅದನ್ನು ಸುತ್ತಿಕೊಂಡು ಮೇಲೆ ಹೋಗಿತ್ತು.

ಶಂಖಪುಷ್ಪ ಬೇಲಿ ಬೇಲಿಯಲ್ಲೂ ಸಿಗುತ್ತದೆ, ನಿಜ. ಇದು ಬೇರೆ. ಎಸಳು ಒಂದರೊಳಗೊಂದು ಸುತ್ತಿಕೊಂಡು ಪುಟ್ಟ ಗುಲಾಬಿಯ ಹಾಗೆ ಗುಂಡಗಿರುವ ಹೂ. ಅಕ್ಕೂರಿನಲ್ಲಿ ನಮ್ಮಜ್ಜಿಯ ಹಿಪ್ಪುನೇರಳೆ ತೋಟದ ಬೇಲಿಯ ಮೇಲಿತ್ತು. ಬೇಲಿ ಕಿತ್ತು ತಂತಿ ಎಳೆದಾಗ ಬಳ್ಳಿಯೂ ಹೋಯಿತು. ಅವ್ವನ ಡಬ್ಬಿಯಲ್ಲಿ ಉಳಿದಿದ್ದದ್ದು ಮೂರೇ ಬೀಜ. ಮೊಳೆತದ್ದು ಒಂದು. ಅದೇ ಇದು.

ಮುಂದಕ್ಕೆ ಬೀಜ ಎತ್ತಿಟ್ಟುಕೊಳ್ಳಬಾರದಿತ್ತೇ? ನಾನೂ ಕೇಳಿದ್ದೆ. ಬೀಜವಾಗಲು ಕಾಯಿ ಕಟ್ಟಬೇಕು, ಕಾಯಿ ಕಟ್ಟಲು ಹೂ ಬಳ್ಳಿಯಲ್ಲೇ ಉಳಿಯಬೇಕು. ಇಲ್ಲಿ ಬೆಳಗ್ಗೆ ಆರಕ್ಕೆ ಓನರಮ್ಮ ಸ್ಟೀಲ್ ಬುಟ್ಟಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಅರಳಿದ್ದು, ಅರಳುತ್ತಿರುವುದು, ಅರಳಲೋ ಬೇಡವೋ ಎಂದು ಯೋಚಿಸುತ್ತಿರುವುದು, ಎಲ್ಲವನ್ನೂ ಬಿಡಿಸಿಕೊಂಡು ಹೋಗಿ ಶಿವನ ತಲೆಯ ಮೇಲಿಡುತ್ತಿದ್ದರು. ಎರಡು ವರ್ಷದಲ್ಲಿ ನಮಗೆ ಒಂದು ಕಾಯಿಯೂ ಸಿಕ್ಕಿರಲಿಲ್ಲ.

ಇಂಥ ಓನರಮ್ಮ ಒಂದು ಸೋಮವಾರ ಬೆಳಗ್ಗೆ, ತುಂಬಿದ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಹೇಳಿದರು:

"ಮುಂದಿನ ಸೋಮ್ವಾರ ಪೇಂಟ್‌ನೋರು ಬತ್ತಾರೆ ಕಣವ್ವ. ಈ ಬಳ್ಳಿ ತಗುಸ್ಬುಡಿ. ಗೋಡೆ ಹಾಳಾಯ್ತಾ ಐತೆ."

"ಆಂಟಿ, ಗೋಡೆ ಹಾಳಾಗಿದೆ ಅನ್ನೋಕೆ ಆಧಾರ ಏನು? ಬಳ್ಳಿ ಇರೋದು ಪೈಪಿನ ಮೇಲೆ, ಗೋಡೆ ಮೇಲಲ್ಲ."

"ಹೌದಲ್ವಾ."

"ಇನ್ನೊಂದು, ಬಳ್ಳಿ ಬೇಡ ಅನ್ನೋರು ಹೂ ಬೇಕು ಅನ್ನೋ ಹಾಗಿಲ್ಲ. ಎರಡರಲ್ಲಿ ಒಂದು."

"ಅದೂ ಸರಿಯೇ."

"ಅಂದ್ಮೇಲೆ?"

"ಅಂದ್ಮೇಲೇನು, ನೀನೇ ಗೆದ್ದೆ. ಭಾನ್ವಾರದೊಳ್ಗೆ ತಗುಸ್ಬುಡಿ. ಇಲ್ಲಾಂದ್ರೆ ಪೇಂಟ್‌ನೋನು ಕುಡ್ಲಲ್ಲಿ ಕುಯ್ದಾಕ್ತಾನೆ. ಅವ್ನಿಗೆ ಹೂವು ಗೀವು ಏನ್ ಗೊತ್ತಾದದು?"

ಅವರು ಇಳಿದು ಹೋದ ಮೇಲೆ ಅವ್ವ ಬಳ್ಳಿಯ ಬುಡ ಮುಟ್ಟಿ ನೋಡಿದಳು. "ಇದು ಹೋದ್ರೆ ಹೋಯ್ತು ಕಣಮ್ಮೀ. ಇನ್ನೆಲ್ಲೂ ಇಲ್ಲ" ಎಂದಳು. ಜೋರಾಗಿ ಬೈದಿದ್ದರೆ ನನ್ನ ಬಳಿ ಉತ್ತರವಿತ್ತು. ಮೆಲ್ಲಗೆ ಹೇಳಿದ್ದಕ್ಕೆ ಇರಲಿಲ್ಲ. ಹಾಗಾಗಿ ಅವಸರದಲ್ಲಿ ಒಂದು ಘೋಷಣೆ ಮಾಡಿಬಿಟ್ಟೆ.

"ನಾನು ಹಂದರ ಕಟ್ತೀನವ್ವ. ಕುಂಡದಲ್ಲೇ ನಿಲ್ಲೋ ಅಂಥದ್ದು. ಬಳ್ಳಿನ ಪೈಪಿಂದ ಬಿಡಿಸಿ ಅದಕ್ಕೆ ಹಬ್ಬಿಸಿದ್ರೆ, ಕುಂಡದ ಸಮೇತ ಎತ್ಕೊಂಡು ಹೋಗಿ ಟೆರೇಸಲ್ಲಿ ಇಡಬಹುದು."

"ನೀನಾ?"

"ನಾನೇ."

"ಒಂದು ಮೊಳೆ ಹೊಡ್ಯಾಕ್ ಬತ್ತದಾ ನಿಂಗೆ?"

"ಹಂದರಕ್ಕೆ ಮೊಳೆ ಬೇಕು ಅನ್ನೋಕೆ ಆಧಾರ ಏನು?"

ಅವ್ವ ಒಳಗೆ ಹೋದಳು.

ಮೊಬೈಲಿನಲ್ಲಿ ಹತ್ತಾರು ವಿಡಿಯೋ ನೋಡಿದೆ. ಎಲ್ಲರೂ ಕುಂಡಕ್ಕೆ ಕಡ್ಡಿ ಚುಚ್ಚಿ ದಾರ ಸುತ್ತುವವರೇ. ನನಗೆ ಅಷ್ಟು ಸಾಲದು. ಓನರಮ್ಮ ನೋಡಿದರೆ ಮೂಗಿನ ಮೇಲೆ ಬೆರಳಿಡಬೇಕು, ಅಂಥದ್ದು ಬೇಕಿತ್ತು. ಪಕ್ಕದ ಬೀದಿಯಲ್ಲಿ ಗೊಂಬೆ ಮಾಡುವ ಅಣ್ಣನೊಬ್ಬನ ಲೇತ್ ಇದೆ. ಹೋಗುತ್ತಾ ಬರುತ್ತಾ ಅಲ್ಲಿ ಮೂಲೆಯಲ್ಲಿ ಒರಗಿಸಿಟ್ಟ ಕೋಲುಗಳನ್ನು ನೋಡಿದ್ದೆ. ಯಾರೋ ಪರದೆ ಹಾಕಲು ಮಾಡಿಸಿ, ಬಣ್ಣ ಒಪ್ಪಲಿಲ್ಲವೆಂದು ಬಿಟ್ಟುಹೋದದ್ದು. ನಾಲ್ಕಡಿ ಉದ್ದ. ಕೆಂಪು, ಹಳದಿ, ಹಸಿರು ಅರಗು ಹಚ್ಚಿ, ತಾಳೆಗರಿಯಲ್ಲಿ ಉಜ್ಜಿ ಉಜ್ಜಿ, ಮುಖ ಕಾಣುವಷ್ಟು ನಯ.

"ತಕ್ಕೋ, ಜಾಗ ಖಾಲಿಯಾದ್ರೆ ಸಾಕು. ಏನಕ್ಕವ್ವ ಇದು?" ಎಂದ ಅಣ್ಣ.

"ಒಂದು ಪ್ರಾಜೆಕ್ಟ್ ಅಣ್ಣ."

ಪಾಯಿಂಟನ್ನು ಮುಂಚೆಯೇ ಬಿಟ್ಟುಕೊಡಬಾರದು ಎಂಬುದು ನಾನು ಚರ್ಚೆಯಲ್ಲಿ ಕಲಿತ ಮೊದಲ ಪಾಠ. ನಿಜ ಹೇಳಿದ್ದರೆ ಅಣ್ಣ ಅಲ್ಲೇ ನಕ್ಕು ವಾಪಸ್ ಕಳಿಸುತ್ತಿದ್ದ, ನನ್ನ ವಾರ ಉಳಿಯುತ್ತಿತ್ತು. ಸೈಜು ತಪ್ಪಿದ ಒಂದು ಮರದ ಬಳೆಯನ್ನೂ ಕೇಳಿ ತೆಗೆದುಕೊಂಡೆ.

ಕಟ್ಟುವ ಕೆಲಸ ಅರ್ಧ ಗಂಟೆಯದು. ಕುಂಡದ ಒಳಅಂಚಿಗೆ, ಬೇರಿಗೆ ತಾಗದ ಹಾಗೆ, ನಾಲ್ಕು ಕಡೆ ನಾಲ್ಕು ಕೋಲನ್ನು ಗೇಣುದ್ದ ಇಳಿಸಿದೆ. ಸುತ್ತ ಜಲ್ಲಿ ಹಾಕಿ ಮಣ್ಣು ಒತ್ತಿದೆ. ನಾಲ್ಕರ ತುದಿಯನ್ನೂ ಮೇಲೆ ಒಟ್ಟು ಸೇರಿಸಿ ಬಳೆಯೊಳಗೆ ತೂರಿಸಿದೆ. ಮೊಳೆಯಿಲ್ಲ, ತಂತಿಯಿಲ್ಲ. ಬಣ್ಣಬಣ್ಣದ ಗೋಪುರದ ಹಾಗೆ ನಿಂತಿತು. ಅಲ್ಲಾಡಿಸಿ ನೋಡಿದೆ, ಅಲ್ಲಾಡಲಿಲ್ಲ. ಫೋಟೋ ತೆಗೆದು ಮೂರು ಗ್ರೂಪಿಗೆ ಕಳಿಸಿದೆ.

"ಚೆಂದಾಗೈತೆ" ಎಂದಳು ಅವ್ವ. ದನಿಯಲ್ಲಿ ಅನುಮಾನವಿತ್ತು. ನನಗಿಂತ ದೊಡ್ಡ ಅನುಮಾನದವಳು ಅವಳು, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಗುರುವಾರ ಬೆಳಗ್ಗೆ ಬಳ್ಳಿ ಬಿಡಿಸಲು ಕೂತೆವು. ಪೈಪಿಗೆ ಅದು ಹಾಕಿದ್ದ ಒಂದೊಂದು ಸುತ್ತನ್ನೂ ಅವ್ವ ಉಸಿರು ಬಿಗಿಹಿಡಿದು ಬಿಚ್ಚಿದಳು. ನಾನು ಕೆಳಗೆ ಕೈಯೊಡ್ಡಿ ಹಿಡಿದುಕೊಂಡೆ. ಒಂದು ಕವಲು ಪಟಕ್ಕೆಂದು ಮುರಿಯಿತು. ಅದು ನನ್ನ ಕಡೆಯದು. ಅವ್ವ ಮುರಿದ ತುಂಡನ್ನು ಸೆರಗಿನ ತುದಿಗೆ ಹಾಕಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಬಳ್ಳಿಯೆಲ್ಲ ಹೊಸ ಹಂದರದ ಮೇಲಿತ್ತು. ಸಂಜೆ ಬಂದು ನೋಡುತ್ತೇನೆ, ಹ್ಯಾಂಗರಿನಿಂದ ಜಾರಿದ ರೇಷ್ಮೆ ಸೀರೆಯ ಹಾಗೆ ಕುಂಡದ ಬುಡದಲ್ಲಿ ಗುಪ್ಪೆಯಾಗಿ ಬಿದ್ದಿದೆ.

ನನ್ನ ಶಂಕೆ ಮೊದಲು ಹೋದದ್ದು ಸುತ್ತಿದ ದಿಕ್ಕಿನ ಮೇಲೆ. ಬಲಕ್ಕೆ ಸುತ್ತಿದ್ದೆ, ಎಡಕ್ಕೆ ಸುತ್ತಿದೆ. ಜಾರಿತು. ಬಳ್ಳಿಯೇ ಸೋಂಬೇರಿ ಇರಬಹುದು ಎಂಬ ವಾದ ಹೂಡಿದೆ. ಅವ್ವ ಹೂ ಕಟ್ಟುವ ಬಾಳೆ ನಾರು ತಂದು ಅಲ್ಲಲ್ಲಿ ಕೋಲಿಗೆ ಸೇರಿಸಿ ಕಟ್ಟಿದಳು. ಶುಕ್ರವಾರ ಬೆಳಗ್ಗೆ ಬಳ್ಳಿ ಗಂಟಿನ ಸಮೇತ ಕೆಳಗೆ ಇಳಿದಿತ್ತು. ನಾರು ಸರಿಯಿಲ್ಲ ಎಂದೆ. ಕಟ್ಟಿದ ಕೈ ಸರಿಯಿಲ್ಲ ಎನ್ನಲು ಹೊರಟವಳು ಅವ್ವನ ಮುಖ ನೋಡಿ ನುಂಗಿಕೊಂಡೆ. ಹೀಗೆ ಬಳ್ಳಿ, ದಿಕ್ಕು, ನಾರು, ಗಾಳಿ, ಹೆತ್ತ ತಾಯಿ, ಎಲ್ಲರನ್ನೂ ಶಂಕಿಸಿದೆ. ನಾನು ಆರಿಸಿ ತಂದ ಕೋಲನ್ನು ಮಾತ್ರ ಶಂಕಿಸಲಿಲ್ಲ. ಅದರ ಫೋಟೋಗೆ ಅಷ್ಟೊಂದು ಲೈಕ್ ಬಂದಿತ್ತಲ್ಲ.

"ನೀನು ಕಟ್ಟಿರೋದು ಹಂದ್ರ ಅಲ್ಲ ಕಣಮ್ಮೀ, ಪಾರ್ಕ್‌ನಾಗಿರೋ ಜಾರುಬಂಡೆ" ಎಂದಳು ಅವ್ವ. ನಗಲಿಲ್ಲ. ಬಳ್ಳಿಯ ತುದಿಗಳು ಬಾಡಿದ್ದವು, ಎಲೆ ಹಳದಿಗೆ ತಿರುಗಿತ್ತು. ಸೋಮವಾರಕ್ಕೆ ಎರಡೇ ದಿನ ಉಳಿದಿತ್ತು.

ಶನಿವಾರ ಬೆಳಗ್ಗೆ ನಾನು ಮಾಡಿದ್ದನ್ನು ಹೇಳಲು ಸ್ವಲ್ಪ ನಾಚಿಕೆಯಿದೆ. ಬಳ್ಳಿಯನ್ನು ಮತ್ತೆ ಪೈಪಿಗೇ ಹತ್ತಿಸಿ, ಪೇಂಟಿನವರು ಅದರ ಪಕ್ಕದಿಂದ ಹೊಡೆದುಕೊಂಡು ಹೋಗುವ ಹಾಗೆ ಓನರಮ್ಮನನ್ನು ಒಪ್ಪಿಸಬೇಕು ಎಂಬುದು ನನ್ನ ಲೆಕ್ಕ. ತರ್ಕಕ್ಕೆ ಅವರು ಬಗ್ಗುವುದಿಲ್ಲ. ಸರಿ, ತರ್ಕವಲ್ಲದ್ದನ್ನು ಹಿಡಿದೆ. ಅವರು ಬುಟ್ಟಿ ಹಿಡಿದು ಬಂದು, ಕುಂಡದ ಬುಡಕ್ಕೆ ಬಗ್ಗಿ ಎರಡು ಹೂ ಬಿಡಿಸುತ್ತಿದ್ದಾಗ ಬಹಳ ವಿನಯದಿಂದ ಕೇಳಿದೆ:

"ಆಂಟಿ, ಈ ಕೋಲಿಗೆ ಅರಗು ಹಚ್ಚಿದಾರೆ. ಅರಗು ಅಂದ್ರೆ ಹುಳದಿಂದ ಬರೋದು. ಹುಳದ್ದು ತಾಗಿದ ಹೂ ದೇವರಿಗೆ ಆಗುತ್ತಾ ಅಂತ. ಪೈಪಿನ ಮೇಲೆ ಇದ್ದಿದ್ರೆ ಈ ತೊಂದರೆ ಇರ್ಲಿಲ್ಲ."

ಮಡಿ ಮೈಲಿಗೆಯನ್ನು ವೇದಿಕೆಯ ಮೇಲೆ ಚಿಂದಿ ಮಾಡಿ ಎರಡು ಕಪ್ ಗೆದ್ದವಳು ಆಡಿದ ಮಾತು ಇದು. ಬಾಗಿಲ ಹಿಂದೆ ಅವ್ವ ಕೆಮ್ಮಿದಳು.

ಓನರಮ್ಮ ನೆಟ್ಟಗಾದರು. "ನಮ್ ಮಾವ ನಲ್ವತ್ತು ವರ್ಸ ಲೇತ್ ಮುಂದೆ ಕುಂತಿದ್ದೋರು ಕಣವ್ವ. ಉಗುರ್ ಸಂದೀಲಿ ಅರಗು ಹೋಗ್ತಾನೇ ಇರ್ಲಿಲ್ಲ. ಅದೇ ಕೈಲಿ ದಿನಾ ಪೂಜೆ ಮಾಡೋರು, ರೇಷ್ಮೆ ಮಡಿ ಉಟ್ಕೊಂಡು. ರೇಷ್ಮೆ ಎಲ್ಲಿಂದ ಬತ್ತದೆ ಹೇಳು? ಅದೂ ಹುಳದ್ದೇ ಅಲ್ವಾ? ನಿಮ್ ಅಕ್ಕೂರ್‌ನಾಗೆ ಮನೆಮನೇಲೂ ಸಾಕ್ತಾರಲ್ಲ, ನಿಂಗೆ ಗೊತ್ತಿಲ್ವಾ?"

ಈ ಸಲ ಅವರು ನನ್ನನ್ನು ಗೆಲ್ಲಲು ಬಿಡಲಿಲ್ಲ.

ಅಷ್ಟರಲ್ಲಿ ಅವರು ಕೋಲಿನ ಮೇಲೆ ಉಗುರು ಎಳೆದು ನೋಡಿ ಜೋರಾಗಿ ನಕ್ಕರು. "ಅಯ್ಯೋ ನಿನ್ನ! ಇದುಕ್ಕಾ ಬಳ್ಳಿ ಹಬ್ಸಕ್ ಹೋಗಿದ್ದು? ಮಕ್ಳ ಕೈ ಗೀರ್ಬಾರ್ದು ಅಂತ ಇಷ್ಟು ನಯ ಮಾಡೋದು. ಬಳ್ಳಿಗೆ ಒರಟು ಬೇಕು ಕಣವ್ವ, ಹಿಡ್ಕಳಾಕೆ. ಆ ಪೈಪ್ ನೋಡು, ಮೈಯೆಲ್ಲ ತುಕ್ಕು. ಅದುಕ್ಕೇ ಹತ್ತಿದ್ದು."

ನಾನು ಪೈಪು ನೋಡಿದೆ. ಎರಡು ವರ್ಷದಿಂದ ಅದರ ಪಕ್ಕದಲ್ಲೇ ಓಡಾಡಿದ್ದೆ.

"ಕೀಳು ಕೋಲ್ನ. ಬಾ ನನ್ ಜೊತೆ" ಎಂದರು.

ಒಂದು ಕೈಯಲ್ಲಿ ಹೂವಿನ ಬುಟ್ಟಿ, ಇನ್ನೊಂದು ಕೈಯಲ್ಲಿ ಎರಡು ಕೋಲು ಹಿಡಿದು ಓನರಮ್ಮ ಮುಂದೆ, ಉಳಿದೆರಡು ಹೊತ್ತು ನಾನು ಹಿಂದೆ. ಲೇತಿನ ಅಣ್ಣ ಆಗಷ್ಟೇ ಬಾಗಿಲು ತೆಗೆಯುತ್ತಿದ್ದ. ವಿಷಯ ಕೇಳಿ ನನ್ನ ಕಡೆ ತಿರುಗಿದ.

"ಇದೇನವ್ವ ನಿನ್ ಪ್ರಾಜೆಕ್ಟು?"

"ಅಡ್ಡಡ್ಡ ಗೀರ್ ಹಾಕು ಕಣ್ಲಾ, ಎರಡೆರಡು ಬೆರಳಿಗೊಂದು" ಎಂದರು ಓನರಮ್ಮ. "ನಾರಿನ ಗಂಟು ಅದ್ರೊಳಗೆ ಕೂರ್ಬೇಕು."

"ಹಚ್ಚಿದ ಅರಗ್ನ ಕೆರ್ಸ್ತೀರಲ್ಲಕ್ಕ. ನಮ್ಮಪ್ಪ ನೋಡಿದ್ರೆ ನನ್ ಬೆರಳು ಮುರ್ದಾಕೋರು."

"ನಿಮ್ಮಪ್ಪಂಗೆ ಕಲ್ಸಿದ್ದು ನಮ್ಮಾವ. ನಾನ್ ಹೇಳ್ತೀನಿ ಹಾಕ್ಲಾ."

ಲೇತ್ ತಿರುಗಿತು. ಅಣ್ಣ ಮುಖ ಸಿಂಡರಿಸಿಕೊಂಡೇ ಉಳಿ ಒತ್ತಿದ. ಬಣ್ಣದ ಪುಡಿ ಹಾರಿ, ಒಳಗಿನ ಬಿಳಿ ಮರ ಬಳೆ ಬಳೆಯಾಗಿ ಕಾಣಿಸಿತು. ನಡುವೆ ಉಳಿದ ನಯವನ್ನು ನಾನೇ ಮರಳು ಕಾಗದದಲ್ಲಿ ತಿಕ್ಕಿ ಹಾಳು ಮಾಡಿದೆ. ಫೋಟೋ ತೆಗೆಯುವ ಹಾಗಿರಲಿಲ್ಲ.

ಭಾನುವಾರ ಕೋಲುಗಳನ್ನು ಮತ್ತೆ ಕುಂಡದಲ್ಲಿ ನಿಲ್ಲಿಸಿ ಅವ್ವ ಬಳ್ಳಿ ಕಟ್ಟಿದಳು. ನಾನು ನಾರು ಸೀಳಿ ಕೊಟ್ಟೆ, ಬಾಯಿ ಮುಚ್ಚಿಕೊಂಡು. ಗಂಟು ಗೀರಿನಲ್ಲಿ ಕೂತಿತು. ಸೋಮವಾರ ಪೇಂಟಿನವರು ಏಣಿ ಹಾಕುವ ಮುಂಚೆ ನಾವಿಬ್ಬರೂ ಕುಂಡವನ್ನು ಗೋಣಿಚೀಲದ ಮೇಲೆ ಎಳೆದು, ಎತ್ತಿ, ಉಸ್ಸೆಂದು ಟೆರೇಸಿಗೆ ಸೇರಿಸಿದೆವು. ಬಳ್ಳಿ ಜಾರಲಿಲ್ಲ. ಬಾಡಿದ ತುದಿಗಳು ಒಣಗಿಹೋದವು. ಅವ್ವ ದಿನಕ್ಕೆ ನಾಲ್ಕು ಸಲ ಮೇಲೆ ಹೋಗಿ ಬರುತ್ತಿದ್ದಳು. ಗುರುವಾರ ಮೇಲಿಂದ ಕೂಗಿದಳು, "ಏ ಬಾ ಇಲ್ಲಿ!" ಬುಡದಿಂದ ಬಂದಿದ್ದ ಹೊಸ ಎಳೆಯೊಂದು, ಯಾರೂ ಕಟ್ಟದೆ, ಹಳದಿ ಕೋಲಿಗೆ ತಾನೇ ಒಂದು ಸುತ್ತು ಹಾಕಿತ್ತು. ಅವ್ವ ಅದನ್ನು ಮುಟ್ಟಲಿಲ್ಲ, ನನಗೂ ಮುಟ್ಟಗೊಡಲಿಲ್ಲ.

ಕುಂಡವನ್ನು ಪ್ಯಾರಪೆಟ್ಟಿನ ಮೂಲೆಗೆ ಒತ್ತಿ ಇಟ್ಟವಳು ನಾನು. ಓನರಮ್ಮನ ಕೈ ಮುಂದಿನ ಎರಡು ಕೋಲಿನ ಹೂವಿಗೆ ಸಿಗುತ್ತದೆ, ಹಿಂದಿನ ಎರಡಕ್ಕೆ ಸಿಗುವುದಿಲ್ಲ. ಬಿಸಿಲಿಗಾಗಿ ಹಾಗೆ ಇಟ್ಟದ್ದು ಎಂದು ಹೇಳಿಕೊಂಡಿದ್ದೇನೆ. ಆಧಾರ ಯಾರೂ ಕೇಳಲಿಲ್ಲ. ಹಿಂದಿನ ಕೋಲುಗಳಲ್ಲಿ ಹೂ ಉಳಿಯಿತು, ಕಾಯಿ ಕಟ್ಟಿತು, ಕಾಯಿ ಒಣಗಿ ಕಂದು ಬಣ್ಣಕ್ಕೆ ಬಂತು. ಅವ್ವ ಬಿಡಿಸಿ ಮೊರದಲ್ಲಿ ಹರಡಿದ ದಿನವೇ ಓನರಮ್ಮ ಮೇಲೆ ಬಂದುಬಿಡಬೇಕೆ?

"ಬೀಜ ಬುಟ್ಟೈತೆ, ನಂಗೆ ಹೇಳೇ ಇಲ್ಲ!" ಎಂದವರೇ ಅರ್ಧವನ್ನು ಬಾಚಿ ಸೆರಗಿಗೆ ಹಾಕಿಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನ ಕಾಲು ತುಳಿದಳು. "ತಕ್ಕೊಳ್ಳಲಿ ಬುಡು" ಎಂದಳು ಆಮೇಲೆ. "ಎರಡು ಮನೇಲಿದ್ರೆ ಒಂದ್ರಲ್ಲಾದ್ರೂ ಉಳ್ಕೊತದೆ."

ಮೊನ್ನೆ ಮೆಟ್ಟಿಲು ಇಳಿಯುತ್ತಿದ್ದೆ. ತಿಳಿಗುಲಾಬಿ ಬಣ್ಣದ ಹೊಸ ಗೋಡೆಗೆ ಅಂಟಿಸಿದ ಹಾಗೆ ಮೂರು ಹೊಸ ಕುಂಡ. ಓನರಮ್ಮ ಕೂತುಕೊಂಡು ಬೆರಳಲ್ಲಿ ಮಣ್ಣು ಒತ್ತುತ್ತಿದ್ದರು. ಎರಡೆರಡು ಎಲೆಯ ಸಸಿಗಳು.

"ಆಂಟಿ, ಗೋಡೆ ಹಾಳಾಗಲ್ವಾ?"

ಅವರು ತಲೆ ಎತ್ತಲಿಲ್ಲ. "ಅವಾಗ ಅದು ನಿಮ್ ಬಳ್ಳಿ ಕಣವ್ವ. ಇದು ನಂದು. ಬರೋವಾಗ ಲೇತಿನ್ ಮನೇಲಿ ಗೀರ್ ಹಾಕ್ಸಿ ಹನ್ನೆರಡು ಕೋಲು ತಕ್ಕಂಬಾ."